ಬೀದಿಯ ಹೆಸರು, ಬಾಗಿಲ ಸಂಖ್ಯೆ

ದೂರದ ಊರಿನಿಂದ ಬರೆದ ಕಾಗದವೊಂದು ಬೀದರ ನಗರದ ಅಂಚೆ ಕಚೇರಿಯನ್ನು ಸೇರುತ್ತದೆ. ಅದರ ಮೇಲೆ ಒಬ್ಬ ವ್ಯಕ್ತಿಯ ಹೆಸರು, ಅದರ ಕೆಳಗೆ ಮನೆಯ ಸಂಖ್ಯೆ, ಬೀದಿ, ಬಡಾವಣೆ, ಊರು, ಕಡೆಗೆ ಆರು ಅಂಕಿಗಳ ಪಿನ್‌ಕೋಡ್ ಇರುತ್ತವೆ. ಕಾಗದವನ್ನು ಬರೆದವರೂ ಅದನ್ನು ಹಂಚುವ ಅಂಚೆಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಎರಡು ಲಕ್ಷಕ್ಕೂ ಹೆಚ್ಚು ಜನರು ವಾಸಿಸುವ ನಗರದಲ್ಲಿ ಆ ಕಾಗದವು ಒಂದೇ ಒಂದು ಬಾಗಿಲನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ. ನಿತ್ಯವೂ ನಡೆಯುವ ಕೆಲಸವಾದುದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ತೋರಬಹುದು. ಆದರೆ ಆ ನಾಲ್ಕು ಸಾಲುಗಳ ಹಿಂದೆ ಶತಮಾನಗಳ ಚರಿತ್ರೆಯೂ ಸ್ಥಳೀಯ ಸಂಸ್ಥೆಯೊಂದರ ದುಡಿಮೆಯೂ ಅಡಗಿವೆ. ಬೀದಿಗೆ ಹೆಸರಿಟ್ಟವರು ಯಾರು? ಬಾಗಿಲಿಗೆ ಸಂಖ್ಯೆಯನ್ನು ಕೊಟ್ಟವರು ಯಾರು? ಹೆಸರೂ ಸಂಖ್ಯೆಯೂ ಸರಿಯಾಗಿ ಇಲ್ಲದ ಮನೆಯವರ ಪಾಡೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದರೆ ಊರಿನ ಆಡಳಿತದ ಒಂದು ಮುಖ್ಯ ಮುಖದ ಪರಿಚಯವಾಗುತ್ತದೆ.

ಬೀದಿಗೆ ಫಲಕ, ಮನೆಗೆ ಸಂಖ್ಯೆ ಎಂಬುದು ನಮ್ಮ ನಾಡಿನಲ್ಲಿ ತೀರ ಹಳೆಯ ಪದ್ಧತಿಯಲ್ಲ. ಹಿಂದಿನವರು ಒಂದು ಸ್ಥಳವನ್ನು ಅದರ ಸುತ್ತಲಿನ ಗುರುತುಗಳಿಂದ ತಿಳಿಯುತ್ತಿದ್ದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ದತ್ತಿಯಾಗಿ ಬಿಟ್ಟ ಭೂಮಿಗೆ ಮೂಡಲಲ್ಲಿ ಯಾವ ಕೆರೆ, ತೆಂಕಲಲ್ಲಿ ಯಾವ ಹಳ್ಳ, ಪಡುವಲಲ್ಲಿ ಯಾವ ಬಂಡೆ, ಬಡಗಲಲ್ಲಿ ಯಾವ ಊರ ದಾರಿ ಎಂದು ನಾಲ್ಕೂ ದಿಕ್ಕಿನ ಎಲ್ಲೆಗಳನ್ನು ವಿವರಿಸಿರುವುದನ್ನು ಕಾಣಬಹುದು. ಇಂದಿಗೂ ಮನೆ ಹೊಲಗಳ ಕ್ರಯಪತ್ರದಲ್ಲಿ ಈ ನಾಲ್ಕು ಎಲ್ಲೆಗಳನ್ನು ಬರೆಯುತ್ತಾರೆ. ಅದಕ್ಕೆ ಚಕ್ಕುಬಂದಿ ಎಂದು ಹೆಸರು. ಊರು ಚಿಕ್ಕದಾಗಿದ್ದು ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದಾಗ ಇಷ್ಟು ಗುರುತು ಸಾಕಾಗುತ್ತಿತ್ತು. ‘ಬೇವಿನ ಮರದ ಎದುರಿನ ಮನೆ’, ‘ಬಾವಿಯ ಹಿಂದಿನ ಓಣಿ’ ಎಂದರೆ ದಾರಿ ತಿಳಿಯುತ್ತಿತ್ತು. ಆದರೆ ಮರ ಬಿದ್ದುಹೋಗುತ್ತದೆ, ಬಾವಿ ಮುಚ್ಚಿಹೋಗುತ್ತದೆ; ಹೊಸದಾಗಿ ಬಂದವನಿಗೆ ಇವೆರಡೂ ತಿಳಿಯವು. ಊರು ಬೆಳೆದಂತೆ ಸ್ಥಿರವಾದ ಹೆಸರುಗಳು ಬೇಕಾದವು. ಅವೂ ಸಾಲದಾದಾಗ ಸಂಖ್ಯೆಗಳು ಬಂದವು.

ಹೆಸರುಗಳು ಹುಟ್ಟುವ ಬಗೆಯನ್ನು ಅರಿಯಲು ಬೀದರ ನಗರವು ಒಳ್ಳೆಯ ನಿದರ್ಶನ. ಬಹಮನಿ ಸುಲ್ತಾನನಾದ ಅಹಮದ್ ಷಾ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ವರ್ಗಾಯಿಸಿದನು. ಕೋಟೆಗೆ ಹೊಂದಿಕೊಂಡು ಬೆಳೆದ ಹಳೆಯ ನಗರದ ಸುತ್ತ ಗೋಡೆಯಿತ್ತು, ಗೋಡೆಯಲ್ಲಿ ದ್ವಾರಗಳಿದ್ದವು. ನಗರದ ನಡುವೆ ನಾಲ್ಕು ದಾರಿಗಳು ಕೂಡುವಲ್ಲಿ ಸುಮಾರು ೭೧ ಅಡಿ ಎತ್ತರದ ದುಂಡನೆಯ ಗೋಪುರವೊಂದು ನಿಂತಿದೆ. ಅದೇ ಚೌಬಾರಾ. ಇದು ಕಟ್ಟಡದ ಹೆಸರೂ ಹೌದು, ಅದರ ಸುತ್ತಲಿನ ಸ್ಥಳದ ಹೆಸರೂ ಹೌದು. ಅಲ್ಲಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾ ಇದೆ. ಆ ಮಂತ್ರಿಯ ನೆನಪು ಗವಾನ್ ಚೌಕ ಎಂಬ ಹೆಸರಿನಲ್ಲಿಯೂ ಉಳಿದಿದೆ. ಷಾಗಂಜ್ ದರ್ವಾಜಾ, ಫತೇ ದರ್ವಾಜಾ, ಮಂಗಲಪೇಟ ದರ್ವಾಜಾ, ದುಲ್ಹನ್ ದರ್ವಾಜಾ ಮುಂತಾದವು ನಗರದ್ವಾರಗಳ ಹೆಸರುಗಳು. ‘ಫತೇ’ ಎಂದರೆ ಗೆಲುವು, ‘ದುಲ್ಹನ್’ ಎಂದರೆ ಮದುವಣಗಿತ್ತಿ. ಯುದ್ಧದ ನೆನಪಿಗೂ ಮದುವೆಯ ನೆನಪಿಗೂ ಒಂದೇ ಕೋಟೆಗೋಡೆಯಲ್ಲಿ ಎಡೆ ದೊರೆತಿದೆ.

ಅರಸರ ನೆನಪಿನಂತೆ ಕಸುಬುದಾರರ ನೆನಪೂ ಹೆಸರುಗಳಲ್ಲಿ ಉಳಿಯುತ್ತದೆ. ಕುಂಬಾರವಾಡ ಎಂಬ ಹೆಸರು ತಿಗರಿಯನ್ನು ತಿರುಗಿಸಿ ಮಡಕೆಯನ್ನು ಮಾಡಿದವರ ನೆಲೆಯನ್ನು ಹೇಳುತ್ತದೆ. ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಸಿದ್ದಿ ತಾಲೀಮ್ ಎಂಬ ಬಡಾವಣೆಗಳೂ ಹಳೆಯ ಬೀದರಿನಲ್ಲಿವೆ. ತಾಲೀಮು ಎಂದರೆ ಗರಡಿಮನೆ. ಓಣಿಯ ತರುಣರು ಸಾಮು ಮಾಡುತ್ತಿದ್ದ ಗರಡಿಯ ಹೆಸರೇ ಆ ಓಣಿಗೂ ಅಂಟಿಕೊಂಡಿತು. ಗಂಜ್ ಎಂದರೆ ಧಾನ್ಯದ ಪೇಟೆ. ಬೀದರಿನ ಉಸ್ಮಾನ್ ಗಂಜ್ ಎಂಬ ಹೆಸರು ಹೈದರಾಬಾದಿನ ಕೊನೆಯ ನಿಜಾಮನಾದ ಮೀರ್ ಉಸ್ಮಾನ್ ಅಲೀ ಖಾನನ ಕಾಲವನ್ನು ನೆನಪಿಗೆ ತರುತ್ತದೆ. ಗಾಂಧಿಗಂಜ್ ಎಂಬ ಹೆಸರು ಸ್ವತಂತ್ರ ಭಾರತವನ್ನು ಸೂಚಿಸುತ್ತದೆ. ಎರಡು ಪೇಟೆಗಳ ಹೆಸರುಗಳ ನಡುವೆ ಒಂದು ರಾಜ್ಯವೇ ಅಳಿದು ಮತ್ತೊಂದು ವ್ಯವಸ್ಥೆ ಬಂದುದನ್ನು ಓದಿಕೊಳ್ಳಬಹುದು.

ದಾರಿಗಳಿಗೆ ಅವು ತಲುಪುವ ಊರಿನ ಹೆಸರು ಬರುವುದೂ ಸಹಜ. ಬೀದರಿನ ಉದಗೀರ ರಸ್ತೆಯು ಇಂಥದು. ಉದಗೀರವು ೧೯೫೬ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಭಾಲ್ಕಿ, ಔರಾದ ಮೊದಲಾದ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರವು ಮುಂಬಯಿ ರಾಜ್ಯಕ್ಕೆ ಸೇರಿ, ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. ಗಡಿ ಬದಲಾಯಿತು, ರಸ್ತೆಯ ಹೆಸರು ಬದಲಾಗಲಿಲ್ಲ. ಕಚೇರಿಗಳ ಹೆಸರುಗಳೂ ಹೀಗೆಯೇ ಬಾಳುತ್ತವೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಕೆಲಸವು ೧೯೯೯ರಲ್ಲಿ ಬೇರೆ ನಿಗಮಕ್ಕೆ ವರ್ಗವಾದರೂ ಬೀದರಿನ ಜನರು ಇನ್ನೂ ‘ಕೆ.ಇ.ಬಿ. ರಸ್ತೆ’ ಎಂದೇ ಹೇಳುತ್ತಾರೆ. ಜನರ ನಾಲಗೆಯ ಮೇಲೆ ನೆಲೆಗೊಂಡ ಹೆಸರಿಗೆ ಸರಕಾರದ ಆದೇಶಕ್ಕಿಂತ ದೀರ್ಘವಾದ ಆಯುಸ್ಸು ಉಂಟು.

ಇಷ್ಟು ಹೆಸರುಗಳಲ್ಲಿ ಹೆಚ್ಚಿನವು ಯಾವ ಸಭೆಯಲ್ಲಿಯೂ ನಿರ್ಣಯವಾದವುಗಳಲ್ಲ. ಬಳಕೆಯಿಂದ ತಾವಾಗಿ ಬೆಳೆದವು. ಈಗ ಹೆಸರಿಡುವ ಅಧಿಕಾರವು ಸ್ಥಳೀಯ ಸಂಸ್ಥೆಗಳಿಗೆ ಇದೆ. ಕರ್ನಾಟಕದಲ್ಲಿ ಊರಿನ ಜನಸಂಖ್ಯೆಗೆ ಅನುಗುಣವಾಗಿ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂಬ ನಾಲ್ಕು ಬಗೆಯ ಸಂಸ್ಥೆಗಳಿವೆ. ಔರಾದಿನಲ್ಲಿ ಪಟ್ಟಣ ಪಂಚಾಯತಿಯೂ ಭಾಲ್ಕಿಯಲ್ಲಿ ಪುರಸಭೆಯೂ ಇವೆ. ಬೀದರಿನಲ್ಲಿ ದೀರ್ಘಕಾಲ ನಗರಸಭೆಯಿತ್ತು. ಅದನ್ನು ಮಹಾನಗರ ಪಾಲಿಕೆಯ ದರ್ಜೆಗೆ ಏರಿಸುವ ನಿರ್ಧಾರವನ್ನು ರಾಜ್ಯ ಸರಕಾರವು ಇತ್ತೀಚೆಗೆ ಕೈಗೊಂಡಿತು. ೧೯೬೪ರ ಕರ್ನಾಟಕ ಪೌರಸಭೆಗಳ ಅಧಿನಿಯಮವು ಬೀದಿಗಳಿಗೆ ಹೆಸರಿಡುವ ಮತ್ತು ಕಟ್ಟಡಗಳಿಗೆ ಸಂಖ್ಯೆಯನ್ನು ಕೊಡುವ ಅಧಿಕಾರವನ್ನು ಇಂಥ ಸಂಸ್ಥೆಗಳಿಗೆ ಕೊಟ್ಟಿದೆ. ಗೋಡೆಗೆ ಹಚ್ಚಿದ ಹೆಸರಿನ ಫಲಕವನ್ನಾಗಲಿ ಸಂಖ್ಯೆಯ ಬಿಲ್ಲೆಯನ್ನಾಗಲಿ ಕೀಳುವುದು ಅಥವಾ ಅಳಿಸುವುದು ತಪ್ಪು.

ಹೊಸ ಹೆಸರು ಬರುವ ಕ್ರಮ ಹೀಗಿದೆ. ಸದಸ್ಯರೊಬ್ಬರು ಅಥವಾ ನಾಗರಿಕರ ಸಂಘವೊಂದು ಪ್ರಸ್ತಾವವನ್ನು ಮುಂದಿಡುತ್ತದೆ. ಅದು ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಬರುತ್ತದೆ. ಸಾರ್ವಜನಿಕರ ಸಲಹೆಗಳನ್ನೂ ಆಕ್ಷೇಪಣೆಗಳನ್ನೂ ಕೇಳುವುದು ಒಳ್ಳೆಯ ಪದ್ಧತಿ. ಅವನ್ನು ಪರಿಶೀಲಿಸಿ ಠರಾವು ಮಾಡಿ, ಅಗತ್ಯವಾದಲ್ಲಿ ಮೇಲಿನ ಅನುಮೋದನೆಯನ್ನು ಪಡೆದು, ಹೆಸರನ್ನು ದಾಖಲೆಗೆ ಸೇರಿಸಿ ಫಲಕವನ್ನು ನಿಲ್ಲಿಸುತ್ತಾರೆ. ಈ ಕೆಲಸವು ಹೊರನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಬಡಾವಣೆಗಳಾದರೆ ಗೊಂದಲವಾಗುತ್ತದೆ. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಇಟ್ಟರೆ ದಾಖಲೆಗಳಲ್ಲಿ ಒಂದು, ಜನರ ಮಾತಿನಲ್ಲಿ ಇನ್ನೊಂದು ಎಂಬಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರ ಹೆಸರನ್ನು ಬೀದಿಗೆ ಇಡುವುದೆಂದರೆ ಊರು ಯಾರನ್ನು ನೆನೆಯಬೇಕು ಎಂಬುದನ್ನು ನಿಶ್ಚಯಿಸಿದಂತೆಯೇ. ಬೀದರಿನಲ್ಲಿ ಬಸವೇಶ್ವರ, ಅಂಬೇಡ್ಕರ್, ಶಿವಾಜಿ, ಭಗತ್ ಸಿಂಗ್ ಇವರ ಹೆಸರುಗಳ ವೃತ್ತಗಳಿವೆ. ಪ್ರತಿಯೊಂದರ ಹಿಂದೆಯೂ ಜನರ ಗೌರವವಿದೆ, ತಮ್ಮವರ ಹೆಸರೂ ಊರಿನ ನಡುವೆ ನಿಲ್ಲಬೇಕೆಂಬ ಹಂಬಲವಿದೆ. ಅಂಥ ಹಂಬಲಗಳನ್ನೆಲ್ಲ ನ್ಯಾಯವಾಗಿ ತೂಗುವುದು ಸಭೆಯ ಹೊಣೆ.

ಫಲಕದ ಭಾಷೆಯೂ ಚಿಕ್ಕ ಸಂಗತಿಯಲ್ಲ. ಇದನ್ನು ಭಾಲ್ಕಿಯ ಚರಿತ್ರೆಯಿಂದ ತಿಳಿಯಬಹುದು. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣ ಮತ್ತು ಆಡಳಿತಗಳಲ್ಲಿ ಉರ್ದುವಿಗೆ ಪ್ರಾಧಾನ್ಯವಿತ್ತು. ಕನ್ನಡ ಶಾಲೆಗಳಿಗೆ ಪ್ರೋತ್ಸಾಹವಿರಲಿಲ್ಲ. ಆಗ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನಲ್ಲಿ ಫಲಕವನ್ನು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬ ಸಂಗತಿ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯಲ್ಲಿ ಬಾಳಿದ ಅವರು ೧೯೯೯ರಲ್ಲಿ ಲಿಂಗೈಕ್ಯರಾದರು. ಬೀದರಿನ ಜಿಲ್ಲಾ ರಂಗಮಂದಿರವು ಇಂದು ಅವರ ಹೆಸರನ್ನು ಹೊತ್ತಿದೆ. ಒಂದು ಕಾಲದಲ್ಲಿ ಫಲಕದ ಮೇಲೆ ಬರಲಾರದೆ ಒಳಗೆ ಉಳಿದಿದ್ದ ಕನ್ನಡವು ಇಂದು ಅವರ ಹೆಸರನ್ನೇ ಫಲಕದ ಮೇಲೆ ಬರೆದಿದೆ. ಕನ್ನಡ, ಉರ್ದು, ಮರಾಠಿ, ತೆಲುಗು ಭಾಷೆಗಳು ಕೂಡಿ ಬಾಳುವ ಈ ಜಿಲ್ಲೆಯಲ್ಲಿ ಹೆಸರನ್ನು ಒಂದೇ ಬಗೆಯಾಗಿ ಬರೆಯುವುದು ಎಲ್ಲರಿಗೂ ಉಪಕಾರಿ.

ಇನ್ನು ಸಂಖ್ಯೆಯ ವಿಚಾರ. ಹೆಸರು ಜನರಿಂದ ಹುಟ್ಟಬಹುದು. ಸಂಖ್ಯೆಯು ಮಾತ್ರ ಆಡಳಿತದಿಂದಲೇ ಬರಬೇಕು. ಯೂರೋಪಿನ ಇತಿಹಾಸವೂ ಇದನ್ನೇ ಹೇಳುತ್ತದೆ. ೧೭೭೦ರಲ್ಲಿ ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ಮನೆಗಳಿಗೆ ಸಂಖ್ಯೆ ಹಾಕಿಸಿದಳು. ಸೈನ್ಯಕ್ಕೆ ಸೇರಿಸಿಕೊಳ್ಳಬಹುದಾದ ಗಂಡಸರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಎಣಿಸುವುದು ಅವಳ ಉದ್ದೇಶವಾಗಿತ್ತು. ೧೮೦೫ರಲ್ಲಿ ಪ್ಯಾರಿಸ್ ನಗರದಲ್ಲಿ ಬೀದಿಯ ಒಂದು ಪಕ್ಕಕ್ಕೆ ಬೆಸ ಸಂಖ್ಯೆ, ಇನ್ನೊಂದು ಪಕ್ಕಕ್ಕೆ ಸಮ ಸಂಖ್ಯೆ ಎಂಬ ಕ್ರಮವು ಜಾರಿಗೆ ಬಂದಿತು. ಸೇನ್ ನದಿಗೆ ಸಮಾನಾಂತರವಾದ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿನಲ್ಲಿಯೂ, ನದಿಯಿಂದ ದೂರ ಸಾಗುವ ಬೀದಿಗಳಲ್ಲಿ ನದಿಯ ಕಡೆಯಿಂದಲೂ ಎಣಿಕೆ ಆರಂಭವಾಗುತ್ತದೆ. ಆದುದರಿಂದ ಮನೆಯ ಸಂಖ್ಯೆಯನ್ನು ನೋಡಿಯೇ ತಾನು ನದಿಯ ಕಡೆಗೆ ಹೋಗುತ್ತಿರುವೆನೋ ನದಿಯಿಂದ ದೂರ ಹೋಗುತ್ತಿರುವೆನೋ ಎಂಬುದನ್ನು ದಾರಿಹೋಕನು ಅರಿಯಬಹುದು. ಜಪಾನಿನಲ್ಲಿ ಬೇರೆಯೇ ಪದ್ಧತಿ. ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಊರನ್ನು ಭಾಗಗಳಾಗಿಯೂ ಭಾಗವನ್ನು ಬ್ಲಾಕುಗಳಾಗಿಯೂ ವಿಂಗಡಿಸಿ, ಬ್ಲಾಕಿನೊಳಗಿನ ಕಟ್ಟಡಗಳಿಗೆ ಸಂಖ್ಯೆಯನ್ನು ಕೊಡುತ್ತಾರೆ.

ಬೀದರಿನ ಮನೆಗಳ ಸಂಖ್ಯೆಯು ಈ ಎರಡನೆಯ ಬಗೆಗೆ ಹತ್ತಿರವಾದುದು. ಇಲ್ಲಿನ ಎಷ್ಟೋ ಬಾಗಿಲುಗಳ ಮೇಲೆ ಮೂರು ಭಾಗಗಳ ಸಂಖ್ಯೆ ಕಾಣುತ್ತದೆ. ಇದು ಹೈದರಾಬಾದ್ ನಗರದಲ್ಲಿ ಬಳಕೆಯಲ್ಲಿರುವ ಕ್ರಮ. ಬೀದರವು ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ ಅಲ್ಲಿನ ಅಚ್ಚು ಇಲ್ಲಿಯೂ ಮೂಡಿದೆ. ನಿದರ್ಶನಕ್ಕಾಗಿ ಒಂದು ಮನೆಯ ಸಂಖ್ಯೆ ೨-೩-೪೫ ಎಂದು ಭಾವಿಸಬಹುದು. ಇದರಲ್ಲಿ ಮೊದಲನೆಯ ಅಂಕಿ ವಾರ್ಡನ್ನೂ, ನಡುವಿನದು ಆ ವಾರ್ಡಿನೊಳಗಿನ ಬ್ಲಾಕನ್ನೂ, ಕೊನೆಯದು ಆ ಬ್ಲಾಕಿನೊಳಗಿನ ಮನೆಯನ್ನೂ ತಿಳಿಸುತ್ತದೆ. ಅಣ್ಣತಮ್ಮಂದಿರು ಪಾಲಾಗಿ ಮನೆಯನ್ನು ಎರಡು ಮಾಡಿಕೊಂಡರೆ ಕೊನೆಯ ಅಂಕಿಯ ಮುಂದೆ ಒಂದು ಓರೆಗೆರೆ ಎಳೆದು ೪೫/೧, ೪೫/೨ ಎಂದು ಬರೆಯುತ್ತಾರೆ. ಕುಟುಂಬದ ಕಥೆಯು ಹೀಗೆ ಬಾಗಿಲ ಮೇಲಿನ ಅಂಕಿಯಲ್ಲಿಯೂ ಬರೆದುಕೊಳ್ಳುತ್ತದೆ.

ಈ ಕ್ರಮಕ್ಕೆ ತೊಡಕುಗಳೂ ಉಂಟು. ಎರಡು ಹಳೆಯ ಮನೆಗಳ ನಡುವಿನ ಖಾಲಿ ಜಾಗದಲ್ಲಿ ಹೊಸ ಮನೆ ಎದ್ದರೆ ಅದಕ್ಕೆ ಸಾಲಿನ ಕೊನೆಯ ಸಂಖ್ಯೆ ಬರುವುದುಂಟು. ಆಗ ೪೫ರ ಪಕ್ಕದಲ್ಲಿ ೪೬ರ ಬದಲು ೩೧೦ ಕಾಣಿಸುತ್ತದೆ. ಜನಗಣತಿಯ ಅನಂತರ ಚುನಾವಣೆಗಾಗಿ ವಾರ್ಡುಗಳ ಎಲ್ಲೆಯನ್ನು ಮರುವಿಂಗಡಿಸಿದಾಗ ಮನೆಯ ಸಂಖ್ಯೆಯಲ್ಲಿರುವ ವಾರ್ಡು ಒಂದು, ಮತ ಹಾಕುವ ವಾರ್ಡು ಇನ್ನೊಂದು ಆಗಬಹುದು. ನೌಬಾದ, ಮೈಲೂರು, ಚಿದ್ರಿಗಳಂಥ ಸುತ್ತಲಿನ ಊರುಗಳು ಬೆಳೆಯುತ್ತಿರುವ ನಗರದೊಡನೆ ಬೆರೆತಾಗ ಹಳೆಯ ಗುರುತಿನ ಜೊತೆಗೆ ಹೊಸ ಗುರುತು ಬರುತ್ತದೆ. ಆದುದರಿಂದಲೇ ಅನೇಕರು ತಮ್ಮ ಕಾಗದಪತ್ರಗಳಲ್ಲಿ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎಂದು ಎರಡನ್ನೂ ಬರೆಯಬೇಕಾಗುತ್ತದೆ.

ಒಂದೇ ಮನೆಗೆ ಹಲವು ಇಲಾಖೆಗಳು ಹಲವು ಸಂಖ್ಯೆಗಳನ್ನು ಕೊಡುವುದರಿಂದಲೂ ಗೊಂದಲವಾಗುತ್ತದೆ. ಇವುಗಳ ಭೇದವನ್ನು ತಿಳಿದಿರುವುದು ಅವಶ್ಯಕ. ಔರಾದಿನಂಥ ಬೆಳೆಯುತ್ತಿರುವ ಪಟ್ಟಣದ ಅಂಚಿನಲ್ಲಿ ಒಂದು ಹೊಲವಿದೆ ಎಂದುಕೊಂಡರೆ, ಅದಕ್ಕೆ ಭೂಮಾಪನ ಇಲಾಖೆಯ ಸರ್ವೆ ನಂಬರು ಇರುತ್ತದೆ. ಹೊಲವನ್ನು ಕೃಷಿಯೇತರ ಭೂಮಿಯಾಗಿ ಪರಿವರ್ತಿಸಿ, ನಕ್ಷೆಗೆ ಅನುಮೋದನೆ ಪಡೆದು ಪ್ಲಾಟುಗಳನ್ನಾಗಿ ಮಾಡಿದಾಗ ಪ್ರತಿಯೊಂದಕ್ಕೂ ಪ್ಲಾಟಿನ ಸಂಖ್ಯೆ ಬರುತ್ತದೆ. ಊರಿಗೆ ನಗರ ಮಾಪನವಾಗಿದ್ದರೆ ಸಿಟಿ ಸರ್ವೆ ನಂಬರು ಬೇರೆ ಇರುತ್ತದೆ. ಕಡೆಗೆ ಮನೆಯನ್ನು ಕಟ್ಟಿದಾಗ ಪಟ್ಟಣ ಪಂಚಾಯತಿಯು ತೆರಿಗೆಯ ವಹಿಯಲ್ಲಿ ಸ್ವತ್ತಿನ ಸಂಖ್ಯೆಯನ್ನು ಕೊಡುತ್ತದೆ. ಸರ್ವೆ ನಂಬರು ನೆಲವನ್ನು ಹೇಳುತ್ತದೆ. ಸ್ವತ್ತಿನ ಸಂಖ್ಯೆಯು ತೆರಿಗೆ ಕಟ್ಟಬೇಕಾದವರನ್ನು ಹೇಳುತ್ತದೆ. ಒಂದನ್ನು ಇನ್ನೊಂದೆಂದು ಭ್ರಮಿಸಿ ಮೋಸಹೋದವರು ಉಂಟು.

ಸ್ಥಳೀಯ ಸಂಸ್ಥೆಯ ವಹಿಯಲ್ಲಿ ಸ್ವತ್ತಿನ ಸಂಖ್ಯೆ, ಅಳತೆ, ಮಾಲೀಕನ ಹೆಸರು, ತೆರಿಗೆಯ ಮೊತ್ತ ಮುಂತಾದ ವಿವರಗಳಿರುತ್ತವೆ. ಇದನ್ನು ಜನರು ಖಾತೆ ಎನ್ನುತ್ತಾರೆ. ಹಿಂದೆ ಇದು ದಪ್ಪನೆಯ ಪುಸ್ತಕಗಳಲ್ಲಿತ್ತು. ಗೆದ್ದಲಿಗೂ ನೀರಿಗೂ ತುತ್ತಾಗುವ ಭಯವಿತ್ತು. ಅನಂತರ ನಗರಗಳಲ್ಲಿ ಇ-ಆಸ್ತಿ ವ್ಯವಸ್ಥೆಯೂ ಗ್ರಾಮ ಪಂಚಾಯತಿಗಳಲ್ಲಿ ೨೦೧೩ರಿಂದ ಇ-ಸ್ವತ್ತು ವ್ಯವಸ್ಥೆಯೂ ಬಂದು ದಾಖಲೆಗಳು ಗಣಕಯಂತ್ರಕ್ಕೆ ಏರಿವೆ. ಅನುಮೋದನೆಯಿಲ್ಲದ ಬಡಾವಣೆಗಳ ಸ್ವತ್ತುಗಳನ್ನು ಪ್ರತ್ಯೇಕವಾಗಿ ನಮೂದಿಸಿ ಬಿ-ಖಾತಾ ಕೊಡುವ ಅಭಿಯಾನವನ್ನು ರಾಜ್ಯ ಸರಕಾರವು ೨೦೨೫ರಲ್ಲಿ ಆರಂಭಿಸಿತು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ತೆರಿಗೆಯ ರಸೀದಿಯೊಂದೇ ಒಡೆತನಕ್ಕೆ ಸಾಕ್ಷಿಯಲ್ಲ. ಸಂಖ್ಯೆ ದೊರೆತ ಮಾತ್ರಕ್ಕೆ ಕ್ರಮಬದ್ಧವಲ್ಲದ ಕಟ್ಟಡವು ಕ್ರಮಬದ್ಧವಾಗುವುದಿಲ್ಲ.

ಸಂಖ್ಯೆಯನ್ನು ಕೊಡುವುದು ತೆರಿಗೆಯ ವಸೂಲಿಗಾಗಿ ಮಾತ್ರವೇ ಎಂಬ ಸಂದೇಹವು ಸಹಜ. ತೆರಿಗೆಯೂ ಒಂದು ಉದ್ದೇಶವೇ ಸರಿ. ಬೀದಿಯ ದೀಪ, ಚರಂಡಿ, ಕುಡಿಯುವ ನೀರು, ಕಸದ ವಿಲೇವಾರಿ ಇವುಗಳ ವೆಚ್ಚಕ್ಕೆ ಆಸ್ತಿ ತೆರಿಗೆಯೂ ಒಂದು ಮುಖ್ಯ ಆಧಾರ. ವಹಿಯಲ್ಲಿ ಇಲ್ಲದ ಮನೆಯ ತೆರಿಗೆಯ ಭಾರವನ್ನು ವಹಿಯಲ್ಲಿ ಇರುವ ಮನೆಯವರು ಹೊರಬೇಕಾಗುತ್ತದೆ. ಆದರೆ ವಿಳಾಸದ ಬೆಲೆ ಇದಕ್ಕಿಂತ ದೊಡ್ಡದು. ೧೮೫೪ರಲ್ಲಿ ಲಂಡನ್ನಿನ ಸೋಹೊ ಭಾಗದಲ್ಲಿ ಕಾಲರಾ ಹಬ್ಬಿ ಕೆಲವೇ ದಿನಗಳಲ್ಲಿ ಐದುನೂರಕ್ಕೂ ಹೆಚ್ಚು ಜನರು ಸತ್ತರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳ ವಿಳಾಸಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಹೆಚ್ಚಿನವು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತಲೇ ಇರುವುದನ್ನು ಕಂಡುಹಿಡಿದನು. ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಾಲರಾ ರೋಗವು ಕೆಟ್ಟ ಗಾಳಿಯಿಂದ ಬರುವುದೆಂದು ಬಹು ಜನರು ನಂಬಿದ್ದ ಕಾಲದಲ್ಲಿ, ಅದು ನೀರಿನಿಂದ ಹರಡುತ್ತದೆಂಬ ಸತ್ಯವು ಮನೆಗಳ ವಿಳಾಸಗಳ ನೆರವಿನಿಂದ ಬೆಳಕಿಗೆ ಬಂದಿತು. ಸತ್ತವರ ಮನೆಗಳಿಗೆ ನೆಲೆಯಾದ ಗುರುತು ಇಲ್ಲದಿದ್ದರೆ ಆ ನಕ್ಷೆಯನ್ನು ಬರೆಯಲು ಸಾಧ್ಯವಾಗುತ್ತಿರಲಿಲ್ಲ.

ಇಂದಿನ ಜೀವನದಲ್ಲಿಯೂ ಇದೇ ಮಾತು ನಿಜ. ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಹೃದಯಾಘಾತವಾದ ವೃದ್ಧನ ಮನೆಯನ್ನೋ ಹೆರಿಗೆಯ ನೋವು ತಿನ್ನುತ್ತಿರುವ ತಾಯಿಯ ಮನೆಯನ್ನೋ ನಡುರಾತ್ರಿಯಲ್ಲಿ ಹುಡುಕುವಾಗ, ಓಣಿಯ ಬಾಯಲ್ಲಿ ಫಲಕವೂ ಬಾಗಿಲ ಮೇಲೆ ಸಂಖ್ಯೆಯೂ ಇದ್ದರೆ ಕೆಲವು ನಿಮಿಷಗಳು ಉಳಿಯುತ್ತವೆ. ಆ ನಿಮಿಷಗಳಿಗೆ ಜೀವದ ಬೆಲೆಯಿದೆ. ಮತದಾರರ ಪಟ್ಟಿ, ಪಡಿತರ ಚೀಟಿ, ಬ್ಯಾಂಕಿನ ಖಾತೆ ಎಲ್ಲದಕ್ಕೂ ವಿಳಾಸವು ಬೇಕು. ಗುಡಿಸಲುಗಳ ಸಾಲಿನಲ್ಲಿ ಸಂಖ್ಯೆಯಿಲ್ಲದೆ ಬಾಳುವವರು ಊರಿನ ಲೆಕ್ಕಕ್ಕೇ ಸಿಗದೆ ಹೋಗಬಹುದು. ಲೆಕ್ಕಕ್ಕೆ ಸಿಗದವರಿಗೆ ಸೌಲಭ್ಯವೂ ಸಿಗುವುದು ಕಷ್ಟ. ಆದುದರಿಂದ ಬಡವರ ಮನೆಗೆ ಹಾಕುವ ಸಂಖ್ಯೆಯು ಅಧಿಕಾರಿಗಳ ಅನುಕೂಲಕ್ಕಿಂತ ಹೆಚ್ಚಾಗಿ ಆ ಮನೆಯವರ ಹಕ್ಕು.

ಮನೆಯ ಮತ್ತು ಬೀದಿಯ ಗುರುತಿನ ಮೇಲೆ ಊರಿನ ಗುರುತು ಒಂದಿದೆ. ಔರಾದ ಎಂಬ ಹೆಸರಿನ ಊರು ಬೀದರ ಜಿಲ್ಲೆಯಲ್ಲಿ ಇರುವಂತೆಯೇ ಗಡಿಯಾಚೆಯ ಲಾತೂರ ಜಿಲ್ಲೆಯಲ್ಲಿಯೂ ಇದೆ. ಅದನ್ನು ಔರಾದ ಶಹಾಜಾನಿ ಎನ್ನುತ್ತಾರೆ. ಹೆಸರೊಂದನ್ನೇ ನಂಬಿದರೆ ಕಾಗದವು ಬೇರೆ ರಾಜ್ಯಕ್ಕೆ ಹೋಗಬಹುದು. ಇಂಥ ತೊಡಕನ್ನು ಬಿಡಿಸಲು ಭಾರತದ ಅಂಚೆ ಇಲಾಖೆಯು ೧೯೭೨ರ ಆಗಸ್ಟ್ ೧೫ರಂದು ಪಿನ್‌ಕೋಡನ್ನು ಜಾರಿಗೆ ತಂದಿತು. ಬೀದರದ್ದು ೫೮೫೪೦೧, ಭಾಲ್ಕಿಯದು ೫೮೫೩೨೮, ಔರಾದದ್ದು ೫೮೫೩೨೬. ಮೊದಲ ಮೂರು ಅಂಕಿಗಳು ಮೂರಕ್ಕೂ ಸಮಾನವಾಗಿರುವುದು ಈ ಊರುಗಳು ಅಂಚೆಯ ವಿಂಗಡಣೆಯಲ್ಲಿ ಒಂದೇ ಪ್ರದೇಶಕ್ಕೆ ಸೇರಿವೆ ಎಂಬುದನ್ನು ಸೂಚಿಸುತ್ತದೆ. ೨೦೨೫ರಲ್ಲಿ ಅಂಚೆ ಇಲಾಖೆಯು ಡಿಜಿಪಿನ್ ಎಂಬ ಇನ್ನೊಂದು ಕ್ರಮವನ್ನು ತಂದಿತು. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತವನ್ನು ಕೊಡುವ ಕ್ರಮವಿದು. ಬೀದಿಗೆ ಹೆಸರಿಲ್ಲದ ಕಡೆಯಲ್ಲಿಯೂ, ಹೊಲದ ನಡುವಿನ ಒಂಟಿ ಮನೆಗೂ ಇದು ಗುರುತನ್ನು ಕೊಡಬಲ್ಲದು.

ಹಾಗಾದರೆ ಮುಂದೆ ಬೀದಿಗೆ ಹೆಸರೇ ಬೇಡವ��? ಬೇಕು. ಸಂಕೇತವು ಸ್ಥಳವನ್ನು ತೋರಿಸಬಲ್ಲದು. ಅಲ್ಲಿ ಬಾಳಿದವರನ್ನು ನೆನಪಿಸಲಾರದು. ಕುಂಬಾರವಾಡ ಎಂಬ ಮಾತಿನಲ್ಲಿ ಮಡಕೆಯನ್ನು ಮಾಡಿದ ಕೈಗಳಿವೆ; ಗವಾನ್ ಚೌಕದಲ್ಲಿ ವಿದ್ಯೆಯನ್ನು ಪ್ರೀತಿಸಿದ ಮಂತ್ರಿಯೊಬ್ಬನಿದ್ದಾನೆ. ಹೆಸರಿಲ್ಲದೆ ಸಂಖ್ಯೆಯೊಂದೇ ಇದ್ದರೆ ಊರಿಗೆ ನೆನಪಿಲ್ಲ. ಸಂಖ್ಯೆಯಿಲ್ಲದೆ ಹೆಸರೊಂದೇ ಇದ್ದರೆ ಊರಿನಲ್ಲಿ ವ್ಯವಸ್ಥೆಯಿಲ್ಲ. ಎರಡನ್ನೂ ಕೂಡಿಸಿ ಕಾಯುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಫಲಕದ ಮೇಲೆ ಭಿತ್ತಿಪತ್ರವನ್ನು ಅಂಟಿಸದಿರುವುದು, ಬಾಗಿಲ ಸಂಖ್ಯೆಯನ್ನು ಸುಣ್ಣ ಬಣ್ಣಗಳಡಿಯಲ್ಲಿ ಮುಚ್ಚದಿರುವುದು, ತನ್ನ ಮನೆಯ ಸಂಖ್ಯೆಯನ್ನೂ ಓಣಿಯ ಹೆಸರಿನ ಮೂಲವನ್ನೂ ತಿಳಿದಿರುವುದು ನಾಗರಿಕನ ಕರ್ತವ್ಯ. ಸಭೆಯೂ ನಾಗರಿಕನೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿದಾಗ ಊರಿನ ಕಟ್ಟಕಡೆಯ ಬಾಗಿಲಿಗೂ ದಾರಿ ತಿಳಿಯುತ್ತದೆ.